ಹೊನ್ನಕ್ಕನ ಕೈ, ಶಾಂತರಾಜುವಿನ ಬಾಯಿ

ಮೊನ್ನೆ ಹಾಸನದಲ್ಲಿ ನಮಗೆಲ್ಲ, ಅಂದರೆ ಹೈಸ್ಕೂಲ್ ಮೇಷ್ಟ್ರು ಮೇಡಮ್ಮುಗಳಿಗೆಲ್ಲ, ವ್ಯಕ್ತಿತ್ವ ವಿಕಸನದ ತರಬೇತಿ ಅಂತ ಒಂದು ದಿನ ಕೂಡಿಹಾಕಿದ್ದರು. ಕೋಟು ಹಾಕಿಕೊಂಡ ಒಬ್ಬ ಮಹಾಶಯ ಬಂದು ‘ಬದುಕು ಬದಲಿಸುವ ಏಳು ಮಂತ್ರಗಳು’ ಅಂತ ಪರದೆಯ ಮೇಲೆ ತೋರಿಸಿದ. ಬೆಳಗಿನ ಐದಕ್ಕೇ ಏಳಿ. ಯಾವಾಗಲೂ ನಗುನಗುತ್ತಾ ಇರಿ. ಯಾರ ಮೇಲೂ ಸೇಡು ಇಟ್ಟುಕೊಳ್ಳಬೇಡಿ, ಸೇಡು ಮನುಷ್ಯನನ್ನು ಬೆಳೆಯಲು ಬಿಡುವುದಿಲ್ಲ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಅವು ಮಂತ್ರಗಳಲ್ಲ ಸ್ವಾಮಿ, ಕಟ್ಟಳೆಗಳು. ಮಂತ್ರ ಅಂದರೆ ಏನು, ಸೇಡು ಇಟ್ಟುಕೊಂಡೇ ಮನುಷ್ಯರು ಹೇಗೆ ಬೆಳೆಯುತ್ತಾರೆ ಅಂತ ತಿಳಿಯಬೇಕಾದರೆ ನಮ್ಮ ದೊಡ್ಡಮ್ಮನ ಪಕ್ಕ ಒಂದು ದಿನ ಕುಕ್ಕರುಗಾಲಲ್ಲಿ ಕೂತು ಆಲೂಗೆಡ್ಡೆ ಕೊಯ್ಯಬೇಕು.

ದೊಡ್ಡಮ್ಮ ಅಂದರೆ ನನ್ನ ಅವ್ವನ ಅಕ್ಕ, ಹೊನ್ನಕ್ಕ. ಹುಟ್ಟಿದ್ದು ಅರಕಲಗೂಡು ಕಡೆ, ಕೊಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿಗೆ, ದಂಡಿಗನಹಳ್ಳಿಯಿಂದ ಎರಡು ಮೈಲಿ ಒಳಗಿನ ಊರಿಗೆ. ಈಗ ಐವತ್ತೆರಡು ವಯಸ್ಸು. ಒಂದೂವರೆ ಎಕರೆ ಹೊಲ, ಒಂದು ಹಸು, ಯಾರಿಗೂ ಬಗ್ಗದ ಕತ್ತು. ಬೇಸಿಗೆ ಕೊನೆಗೆ ಬೀಜ ಕೊಯ್ಯುವ ಕೆಲಸ. ನಮ್ಮ ಕಡೆ ಆಲೂಗೆಡ್ಡೆಯನ್ನು ಇಡಿಯಾಗಿ ಬಿತ್ತುವುದು ಕಡಿಮೆ. ಪಂಜಾಬಿನಿಂದ ಲಾರಿಯಲ್ಲಿ ಬಂದ ಬಿತ್ತನೆ ಗೆಡ್ಡೆಯನ್ನು ತುಂಡು ಮಾಡಿ ಬಿತ್ತುತ್ತಾರೆ. ಒಂದೊಂದು ತುಂಡಿನಲ್ಲೂ ಮೊಳಕೆ ಹೊರಡುವ ಕಣ್ಣು ಇರಲೇಬೇಕು. ಕಣ್ಣಿಲ್ಲದ ತುಂಡು ಮಣ್ಣಲ್ಲಿ ಕೊಳೆಯುತ್ತದೆ, ಅಷ್ಟೇ. ಯಾವ ಗೆಡ್ಡೆಗೆ ಕಣ್ಣು ಎಲ್ಲಿರುತ್ತದೆ ಅಂತ ಮೊದಲೇ ಹೇಳುವುದಕ್ಕಾಗುವುದಿಲ್ಲ. ದೊಡ್ಡಮ್ಮನ ಅತ್ತೆ ನಂಜಮ್ಮ, ಪುಣ್ಯಾತ್ಗಿತ್ತಿ, ಸೊಸೆಯ ಕೈಗೆ ಚಾಕು ಕೊಡುವಾಗ ಹೇಳಿದ್ದು ಒಂದೇ ಮಾತು: “ನೋಡು, ಆಮೇಲ್ ಕುಯ್ಯಿ.” ಗೆಡ್ಡೆಗೊಂದು ಸಲ ಅದನ್ನೇ ಬಾಯೊಳಗೆ ಹೇಳಿಕೊಳ್ಳಬೇಕು. ಹೇಳಿಕೊಂಡರೆ ನೋಡುತ್ತೀರಿ, ನೋಡಿದರೆ ಕಣ್ಣು ಸಿಗುತ್ತದೆ.

ಇಷ್ಟು ಸಣ್ಣ ಬದುಕಿಗೆ ಕೊಳ್ಳಿ ಇಟ್ಟವನು ಅದೇ ಊರಿನ ಯಜಮಾನ ಶಾಂತರಾಜು. ಹನ್ನೊಂದು ವರ್ಷದ ಹಿಂದಿನ ಮಾತು. ದೊಡ್ಡಪ್ಪ ದೇವರಾಜ್ ಅದರ ಹಿಂದಿನ ವರ್ಷವಷ್ಟೇ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿ ಕರೆಂಟ್ ಹೊಡೆದು ಹೋಗಿದ್ದ. ದೊಡ್ಡಮ್ಮ ಶಾಂತರಾಜುವಿನ ಪಡಸಾಲೆಯಲ್ಲಿ ಕೂತು ಒಂದು ಸೋಮವಾರ ಸಂಜೆಯವರೆಗೆ ಬೀಜ ಕೊಯ್ದಳು. ಕೊಯ್ದ ತುಂಡುಗಳನ್ನು ನೆರಳಲ್ಲಿ ತೆಳ್ಳಗೆ ಹರಡಿ ಗಾಳಿ ಆಡಿಸಬೇಕು, ಮಾರನೆಯ ದಿನ ಮಣ್ಣಿಗೆ ಹಾಕಬೇಕು. ಆದರೆ ಅವರ ಮನೆಯಲ್ಲಿ ಮಂಗಳವಾರ ಬಿತ್ತನೆ ಶುರು ಮಾಡಬಾರದು ಅಂತ ತಾತನ ಕಾಲದ ಕಟ್ಟಳೆ. ಬುಧವಾರ ಆಗಲಿ, ಅದೂ ಮಧ್ಯಾಹ್ನ ರಾಹುಕಾಲ ಕಳೆದ ಮೇಲೆ ಅಂದ. ಹರಡುವುದಕ್ಕೆ ಜಾಗ ಸಾಲದು ಅಂತ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿ, ಬಾಯಿ ಕಟ್ಟಿಸಿ, ಮೇಲೆ ಟಾರ್ಪಾಲು ಮುಚ್ಚಿಸಿದ.

“ಬಾಯ್ ಬಿಚ್ಚಿಸಿ ಅಣ್ಣ, ಒಳ್ಗೇ ಬೆಂದೋಯ್ತವೆ” ಅಂದಳಂತೆ ದೊಡ್ಡಮ್ಮ.

“ಕುಯ್ಯಾದ್ ನಿನ್ ಕೆಲ್ಸ. ಮಿಕ್ಕಿದ್ದು ಗಂಡಸ್ರುದ್ದು, ಓಗವ್ವ” ಅಂದನಂತೆ ಅವನು.

ಮೇ ತಿಂಗಳ ಸೆಕೆಯಲ್ಲಿ ಎರಡು ದಿನ ಕಟ್ಟಿದ ಚೀಲದೊಳಗೆ ಹಸಿ ತುಂಡು ಏನಾಗುತ್ತದೆ? ಮುಕ್ಕಾಲು ಹೊಲ ಮೇಲೇಳಲೇ ಇಲ್ಲ. ಹದಿನೈದನೇ ದಿನ ಮಣ್ಣು ಕೆದಕಿದರೆ ಗಬ್ಬು ನಾತ. ಆಗ ಈ ಮಹಾನುಭಾವ ಬೆಳಿಗ್ಗೆ ಹಾಲಿನ ಡೈರಿ ಮುಂದೆ, ಊರಿಗೆ ಊರೇ ಕ್ಯಾನು ಹಿಡಿದು ನಿಂತಿರುವಾಗ, ತೀರ್ಪು ಕೊಟ್ಟ: “ಗಂಡ ಸತ್ತೋಳ ಕೈಲಿ ಬೀಜ ಮುಟ್ಟಿಸ್ದೆ ನೋಡು, ನಂದೇ ಬುದ್ಧಿಗೇಡು. ಮುಂಡೆ ಕೈ ತಗುಲಿದ್ ಬೀಜ ಎದ್ದಾತಾ?” ಕೋತಿ ತಾನು ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿತಂತೆ, ಹಾಗೆ. ಕೊಯ್ಯುವಾಗ ಅವಳು ಬರೀ ಹೊನ್ನಕ್ಕ. ಕೊಳೆತ ಮೇಲೆ ಮುಂಡೆ! ಅವನ ಬಾಯಿಗೆ ಹುಳ ಬೀಳ ಅಂತ ನಾನು ಆಗ ಹದಿನೇಳರ ಹುಡುಗಿ ಅತ್ತುಬಿಟ್ಟಿದ್ದೆ. ದೊಡ್ಡಮ್ಮ ಅಳಲಿಲ್ಲ. ಕ್ಯೂನಲ್ಲಿ ನಿಂತು ಹಾಲು ಹಾಕಿ ಸುಮ್ಮನೆ ಮನೆಗೆ ಬಂದಳು. ಮಾರನೆಯ ವರ್ಷ ಊರಲ್ಲಿ ಒಬ್ಬರೂ ಅವಳನ್ನು ಬೀಜಕ್ಕೆ ಕರೆಯಲಿಲ್ಲ.

ಅವಳು ಬೆಳಗಿನ ಮೊದಲ ಬಸ್ಸು ಹತ್ತಿ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗತೊಡಗಿದಳು. ತವರಿನ ಕಡೆ ಅವಳ ಕೈ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ. ಕೊಯ್ಯುವಾಗ ಅವಳ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಪಕ್ಕದ ಹೆಂಗಸರು “ಒನ್ನಕ್ಕ ಸಿವನ್ ನೆನೀತಾಳೆ, ಭಾರೀ ದೈವಭಕ್ತೆ” ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಕಿವಿ ಹತ್ತಿರ ಇಟ್ಟು ಕೇಳಿದೆ. ಅಯ್ಯೋ ಶಿವನೇ! ಹೇಳುತ್ತಿದ್ದದ್ದು ಇಷ್ಟು: “ಅವನ್ ಹೊಲ ಕೊಳೀಲಿ. ಅವನ್ ಹೊಲ ಕೊಳೀಲಿ.” ಗೆಡ್ಡೆಗೊಂದು ಸಲ, ಚಾಕು ಇಳಿಯುವಾಗಲೆಲ್ಲ.

ಎರಡು ವರ್ಷ ಅದನ್ನೇ ಜಪಿಸಿದಳು. ಶಾಂತರಾಜುವಿನ ಹೊಲ ಏನೂ ಕೊಳೆಯಲಿಲ್ಲ, ದೊಡ್ಡಮ್ಮನ ಕೆಲಸ ಕೊಳೆಯಿತು. ಕೈಗೆ ಗೆಡ್ಡೆ ಬಂದರೆ ಕಣ್ಣ ಮುಂದೆ ಶಾಂತರಾಜುವಿನ ಕತ್ತು ಬರುತ್ತಿತ್ತೋ ಏನೋ, ಕಚಕ್ ಅಂತ ಇಳಿಸುತ್ತಿದ್ದಳು. ಎಡಗೈ ಹೆಬ್ಬೆರಳು ಎರಡು ಸಲ ಸೀಳಿತು. ಮೂರನೇ ವರ್ಷ ಶಶಿಕುಮಾರ್ ಅನ್ನುವ ರೈತ ಅವಳ ಕುಕ್ಕೆಯಿಂದ ಒಂದು ಹಿಡಿ ತುಂಡು ತೆಗೆದು ಅವಳ ಮುಂದೆಯೇ ಸುರಿದ. “ಏನಮ್ಮ ಇದು? ಇಪ್ಪತ್ರಲ್ಲಿ ಎಂಟಕ್ಕೆ ಕಣ್ಣೇ ಇಲ್ಲ. ನಾಳೆಯಿಂದ ಬರ್ಬೇಡ.”

ಆವತ್ತು ಬಸ್ಸಿನಲ್ಲಿ ಬರುವಾಗ ಹೊಳೆನರಸೀಪುರ ದಾಟುವವರೆಗೂ ಅವಳು ಹೆಬ್ಬೆರಳಿನ ಗಾಯದ ಗುರುತು ಉಜ್ಜುತ್ತಾ ಕೂತಿದ್ದಳು. ಆಮೇಲೆ ಅಂದಳು, “ದೀಪಾ, ನಾನ್ ಏಳ್ಕೊಳ್ಳಾದು ಸರೀಗಿಲ್ಲ ಕಣೆ. ಬದ್ಲಾಯಿಸ್ಬೇಕು.”

“ಬಿಟ್ಟೇಬಿಡು ದೊಡ್ಡಮ್ಮ, ಅವನ ಸಾವಾಸ” ಅಂದೆ.

“ಬಿಡಾಕೆ ನಾನೇನ್ ಸನ್ಯಾಸಿಯಾ? ಸೇಡು ಇರ್ಲಿ. ಮಾತು ಬದ್ಲಾಗ್ಲಿ. ಇದು ನಂದು ಕಣೆ, ಊರೋರು ಕಟ್ಟಿದ್ ಕಟ್ಲೆ ಅಲ್ಲ. ಕೆಲ್ಸಕ್ ಬರ್ನಿಲ್ಲ ಅಂದ್ರೆ ನಾನೇ ಕಿತ್ತಾಕ್ತೀನಿ, ಯಾರ್ನ ಕೇಳ್ಬೇಕು?”

ನಾನು ಕನ್ನಡ ಎಂ.ಎ. ಮಾಡಿದವಳು, ಮಂತ್ರ ಕಟ್ಟಳೆಗಳ ಬಗ್ಗೆ ಪುಟಗಟ್ಟಲೆ ಬರೆದು ಮಾರ್ಕು ತೆಗೆದವಳು. ಆ ಬಸ್ಸಿನ ಸೀಟಿನಲ್ಲಿ ಕೇಳಿದಷ್ಟು ಸ್ಪಷ್ಟವಾಗಿ ಎಲ್ಲೂ ಓದಿಲ್ಲ. ಮಂಗಳವಾರ ಬಿತ್ತಬಾರದು ಅನ್ನುವವನು ಹೊಲವನ್ನೂ ನೋಡಬೇಕಿಲ್ಲ, ಬೀಜವನ್ನೂ ನೋಡಬೇಕಿಲ್ಲ, ಕ್ಯಾಲೆಂಡರ್ ನೋಡಿದರೆ ಸಾಕು. ಕಟ್ಟಳೆಯ ಸುಖವೇ ಅದು. ಮಂತ್ರ ಹಾಗಲ್ಲ, ಅದು ಹೇಳಿಕೊಂಡವರನ್ನೇ ಹಿಡಿದು ಕೂರಿಸಿ ಕೆಲಸ ಮಾಡಿಸುತ್ತದೆ. ಸುಳ್ಳಾದರೆ ಬೆರಳು ಕೊಯ್ಯುತ್ತದೆ.

ಹೊಸ ಮಾತು ಎರಡೇ ಪದದ್ದು. “ಅವನ್ ಬಾಯಲ್ಲೇ.” ಅವನ ಬಾಯಲ್ಲೇ ಹೇಳಿಸುತ್ತೇನೆ, ಅದೇ ಡೈರಿ ಮುಂದೆ ಹೇಳಿಸುತ್ತೇನೆ ಅನ್ನುವುದರ ಸಂಕ್ಷೇಪ. ಅವನು ಹೇಳಬೇಕಾದರೆ ತನ್ನ ಕೈ ತಪ್ಪಬಾರದು. ಒಂದೇ ಒಂದು ಕುರುಡು ತುಂಡು ಬಿದ್ದರೂ ಶಾಂತರಾಜು ಗೆದ್ದಂತೆ. ಹಾಗಾಗಿ ‘ಅವನ್’ ಅನ್ನುವಾಗ ಗೆಡ್ಡೆ ತಿರುಗಿಸುತ್ತಿದ್ದಳು, ಕಣ್ಣು ಹುಡುಕುತ್ತಿದ್ದಳು, ‘ಬಾಯಲ್ಲೇ’ ಅನ್ನುವಾಗ ಚಾಕು ಇಳಿಯುತ್ತಿತ್ತು. ಅದೇ ಶಶಿಕುಮಾರ್ ಮುಂದಿನ ವರ್ಷ ಮನೆವರೆಗೆ ಬಂದು ಕರೆದುಕೊಂಡು ಹೋದ. ಐದು ವರ್ಷದಲ್ಲಿ ಅರಕಲಗೂಡು, ಹೊಳೆನರಸೀಪುರ ಎರಡೂ ಕಡೆ ಅವಳ ಹೆಸರು ನಿಂತಿತು. ಹಾಸನದ ಬೀಜದ ಮಂಡಿಯವರು ಅವಳ ಫೋನ್ ನಂಬರು ಇಟ್ಟುಕೊಂಡರು. ಸುತ್ತಲ ಊರಿನ ಹನ್ನೆರಡು ಹೆಂಗಸರು ಅವಳ ಗುಂಪಾದರು, ಅವರಲ್ಲಿ ಐವರು ಗಂಡನಿಲ್ಲದವರು. ಅವಳ ಮಾತಿಲ್ಲದೆ ಆ ಹನ್ನೆರಡು ಜನ ಯಾರ ಅಂಗಳಕ್ಕೂ ಕಾಲಿಡುತ್ತಿರಲಿಲ್ಲ. ಸ್ವಂತ ಊರಲ್ಲಿ ಮಾತ್ರ ಅವಳ ಕೈಗೆ ಒಂದು ಗೆಡ್ಡೆ ಕೊಟ್ಟವರಿಲ್ಲ.

ಹೋದ ಮೇ ತಿಂಗಳು ಕೃತ್ತಿಕೆ ಮಳೆ ಮೊದಲ ದಿನವೇ ಹದ ಕೊಟ್ಟುಬಿಟ್ಟಿತು. ಎಲ್ಲರಿಗೂ ಒಟ್ಟಿಗೆ ಬಿತ್ತನೆ. ಬೀಜ ಕೊಯ್ಯುವವರಿಗೆ ಎಲ್ಲಿಲ್ಲದ ಬೇಡಿಕೆ. ಶಾಂತರಾಜುವಿನ ಹದಿನೆಂಟು ಮೂಟೆ ಪಡಸಾಲೆಯಲ್ಲಿ ಕೂತಿತ್ತು. ಅವನ ಹೆಂಡತಿಯ ಬೆರಳು ಸಂಧಿವಾತಕ್ಕೆ ಸೊಟ್ಟಗಾಗಿತ್ತು. ಹಿಂದಿನ ವರ್ಷ ಕೂಲಿಗೆ ಬಂದ ಗಂಡಸರು ಗೆಡ್ಡೆಗೆ ನಾಲ್ಕು ತುಂಡು ಅಂತ ಲೆಕ್ಕ ಹಿಡಿದು ಕಡಿದು ಅರ್ಧ ಬೀಜ ಹಾಳು ಮಾಡಿದ್ದರು. ಅಕ್ಕಪಕ್ಕದ ಊರಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: “ಒನ್ನಕ್ಕನ್ನ ಕೇಳಿ.”

ಬಂದ. ರಜೆಗೆ ಹೋಗಿದ್ದ ನಾನು ಜಗಲಿಯಲ್ಲಿ ಕೆಲಸವೇನೂ ಮಾಡುತ್ತಿರಲಿಲ್ಲ, ಖಾಲಿ ಕೂತು ಫೋನ್ ಒತ್ತುತ್ತಿದ್ದೆ, ಇರುವುದನ್ನು ಹೇಳಬೇಕಲ್ಲ. ಅವನನ್ನು ಕಂಡದ್ದೇ ಫೋನ್ ಕೆಳಗಿಟ್ಟೆ. ಅರವತ್ತೈದು ದಾಟಿದ್ದಾನೆ, ಭುಜ ಇಳಿದಿದೆ. ಕರುಣೆ ಬಂತಾ ಅಂತ ಕೇಳಿದರೆ, ಇಲ್ಲ.

“ಒನ್ನಕ್ಕ, ಹದ ಓಯ್ತಾ ಐತೆ ಕಣವ್ವ. ಹಳೇದೆಲ್ಲ ಮನ್ಸಲ್ ಇಟ್ಕೋಬ್ಯಾಡ” ಅಂದ.

ದೊಡ್ಡಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ತಿರುಗಿಯೂ ನೋಡಲಿಲ್ಲ. “ಇಟ್ಕೊಂಡಿವ್ನಿ. ಇಟ್ಕೊಂಡಿದ್ಕೇ ಇವತ್ ನೀನ್ ನನ್ ಬಾಗ್ಲಿಗ್ ಬಂದಿದ್ದೀಯ. ಹದಿನೆಂಟು ಮೂಟೆ ಅಲ್ವಾ? ದಿನಾ ಬೆಳಿಗ್ಗೆ ಡೈರಿ ಮುಂದೆ ನಿಂತ್ಕೊಂಡು, ಎಲ್ರಿಗೂ ಕೇಳಂಗೆ, ‘ಬೀಜ ಕೊಳ್ತಿದ್ದು ನನ್ ತೆಪ್ಪಿಂದ, ಒನ್ನಕ್ಕನ್ ಕೈಯಿಂದಲ್ಲ’ ಅನ್ನು. ಅಂದ್ ದಿನ ಎರಡು ಮೂಟೆ ಕುಯ್ತೀನಿ. ಅನ್ನದಿದ್ ದಿನ ಇಲ್ಲ.”

“ಒಂದೇ ಸಲ ಏಳ್ಬುಡ್ತೀನಿ, ಒಂದೇ ದಿನ ಕುಯ್ಸು.”

“ಊಹ್ಞೂಂ. ನಾನ್ ಒಂದೇ ಸಲ ಏಳ್ಕೊಂಡಿದ್ದಲ್ಲ.”

ಅವನ ಮುಖ ನೋಡಬೇಕಿತ್ತು! ಟವೆಲ್ ಕೊಡವಿ ಹೊರಟುಹೋದ. ಮಾರನೆಯ ಬೆಳಿಗ್ಗೆ ಆಕಾಶದಲ್ಲಿ ಮತ್ತೆ ಮೋಡ ಕಟ್ಟಿತ್ತು. ನಾನು ಹಾಲಿನ ಕ್ಯಾನು ಹಿಡಿದು ಬೇಕೆಂದೇ ಕ್ಯೂನ ಮುಂಭಾಗದಲ್ಲಿ ನಿಂತೆ. ದೊಡ್ಡಮ್ಮ ಬೇಲಿ ಪಕ್ಕ. ಶಾಂತರಾಜು ಬಂದ, ಕೆಮ್ಮಿದ, ನೆಲ ನೋಡಿಕೊಂಡು ಒಪ್ಪಿಸಿದ: “ಬೀಜ ಕೊಳ್ತಿದ್ದು ನನ್ ತೆಪ್ಪಿಂದ. ಒನ್ನಕ್ಕನ್ ಕೈಯಿಂದಲ್ಲ.”

ಹನ್ನೊಂದು ವರ್ಷ ಕಾದ ಮಾತು. ಆದದ್ದೇನು ಗೊತ್ತೇ? ಹಾಲು ಅಳೆಯುವ ಅನಿಲ್‌ಕುಮಾರ್, ಇಪ್ಪತ್ತೈದರ ಹುಡುಗ, ತಲೆ ಎತ್ತಿ ಕೇಳಿದ, “ಯಾವ್ ಬೀಜ ಸಾ? ಏನ್ ಕೊಳೀತು?” ಕ್ಯೂನಲ್ಲಿ ಅರ್ಧ ಜನಕ್ಕೆ ಕಥೆಯೇ ಗೊತ್ತಿರಲಿಲ್ಲ. ಮಿಕ್ಕ ಅರ್ಧಕ್ಕೆ ಮರೆತುಹೋಗಿತ್ತು. ಮೂಲೆಮನೆ ಸುಂದರಮ್ಮ ಮಾತ್ರ ಸೆರಗು ಸರಿಮಾಡಿಕೊಂಡು, “ಅದೆಲ್ಲ ಏನಾರಾ ಆಗ್ಲಿ ಕಣಪ್ಪ, ಅವಳ್ ಕೈ ನಮ್ ಬೀಜುಕ್ ಬ್ಯಾಡ. ಯಾಕೋ ಏನೋ, ಮೊದ್ಲಿಂದ ಹಂಗೇ” ಅಂದಳು. ಕಾರಣ ಸತ್ತು ಎಷ್ಟೋ ವರ್ಷವಾಗಿದೆ, ಕಟ್ಟಳೆ ಮಾತ್ರ ಗುಂಡುಕಲ್ಲಿನ ಹಾಗೆ ಕೂತಿದೆ. ನನಗೋ ಆ ಮುದುಕಿಯ ಕ್ಯಾನು ಕಿತ್ತು ಬಿಸಾಡಬೇಕು ಅನ್ನಿಸಿತು. ದೊಡ್ಡಮ್ಮನ ಮುಖ ಬಾಡಿದ್ದನ್ನು ಆವತ್ತು ಮೊದಲ ಸಲ ನೋಡಿದೆ.

“ಸಾಕು ಬಿಡು ದೊಡ್ಡಮ್ಮ, ಹೇಳಿದನಲ್ಲ” ಅಂದೆ ದಾರಿಯಲ್ಲಿ.

“ಬಾಯ್ ಏಳ್ತು. ಅವ್ನು ಎಲ್ ಏಳ್ದ? ನಾಳೆ ನೋಡಾಣ.” ಅಷ್ಟೇ ಅಂದು ಹೋಗಿ ಎರಡು ಮೂಟೆ ಕೊಯ್ದಳು, ಒಂದು ತುಂಡೂ ಹೆಚ್ಚಲ್ಲ. ಕೊಯ್ದದ್ದನ್ನೆಲ್ಲ ಅವನ ಕೈಯಲ್ಲೇ ನೆರಳಿಗೆ ಹರಡಿಸಿದಳು.

ಎರಡನೇ ದಿನ ಹೇಳಿದ. ಮೂರನೇ ದಿನ ಮಂಗಳವಾರ. ಹೇಳಿದ, ಹಿಂದಿನ ದಿನ ಕೊಯ್ದದ್ದನ್ನು ತುಟಿಪಿಟಕ್ ಅನ್ನದೆ ಬಿತ್ತಿದ ಕೂಡ! ಹದ ಹೋಗುತ್ತಿದ್ದರೆ ತಾತನ ಕಟ್ಟಳೆ ಎಲ್ಲಿ ನಿಲ್ಲುತ್ತದೆ? ನಾಲ್ಕನೇ ದಿನ ಕ್ಯೂನಲ್ಲಿದ್ದ ಪಡ್ಡೆಗಳು ಅವನು ಬಾಯಿ ತೆಗೆಯುವ ಮೊದಲೇ ರಾಗವಾಗಿ ಹೇಳಿ ಕಿಸಕ್ ಅಂದರು. ನನಗೆ ಹಬ್ಬದೂಟ ಉಂಡಷ್ಟು ತೃಪ್ತಿ. ಆರನೇ ದಿನ ಅವನು ನೆಲ ನೋಡುವುದನ್ನು ಬಿಟ್ಟಿದ್ದ. ಏಳನೇ ದಿನ ‘ನನ್ ತೆಪ್ಪಿಂದ’ ಅಂದವನು ಮುಂದಿನದನ್ನು ಮರೆತವನ ಹಾಗೆ ಸ್ವಲ್ಪ ಹೊತ್ತು ನಿಂತ, ಆಮೇಲೆ ಹೇಳಿದ. ಒಂಬತ್ತನೇ ದಿನಕ್ಕೆ ಹದಿನೆಂಟು ಮೂಟೆ ಮುಗಿಯಿತು. ಮೊದಲು ಬಿತ್ತಿದ ಸಾಲುಗಳಲ್ಲಿ ಕೆದಕಿ ನೋಡಿದರೆ ತುಂಡು ತುಂಡೂ ಗಟ್ಟಿಯಾಗಿ ಮೊಳಕೆ ಬಿಟ್ಟಿತ್ತು.

ಹತ್ತನೇ ಬೆಳಿಗ್ಗೆ ಅವನು ಹೇಳಬೇಕಾದ್ದು ಏನೂ ಇರಲಿಲ್ಲ. ಹಾಲು ಹಾಕಿದ, ಚೀಟಿ ತೆಗೆದುಕೊಂಡ, ಹೊರಟ. ದೊಡ್ಡಮ್ಮನೂ ಅವನತ್ತ ನೋಡಲಿಲ್ಲ. ಆಗ ಸುಂದರಮ್ಮನಿಗೆ ನಾಲಿಗೆ ತುರಿಸಿತು.

“ಅಂತೂ ಮುಗೀತಾ ಶಾಂತಣ್ಣ ನಿನ್ ಪಾಠ? ಕೆಲ್ಸ ಆಗ್ಬೇಕಿತ್ತು, ಏಳ್ದೆ. ಕತ್ತೆ ಕಾಲಾದ್ರೂ ಹಿಡೀಬೇಕು ಅಂತಾರಲ್ಲ. ಈಗ್ಲಾದ್ರೂ ದಿಟ ಏಳು, ಅವಳ್ ಕೈ ಕೆಟ್ಟುದ್ದೇ ತಾನೆ?”

ಶಾಂತರಾಜು ನಿಂತ. ಕ್ಯಾನು ಕೆಳಗಿಟ್ಟ. ಹೂಂ ಅಂದುಬಿಡುತ್ತಾನೆ, ಹನ್ನೊಂದು ವರ್ಷ ನೀರಿನ ಪಾಲು ಅಂತ ನಾನು ಹಲ್ಲು ಕಚ್ಚಿದೆ.

“ಬಿಸಿ ಇತ್ತು ಕಣವ್ವ” ಅಂದ.

“ಏನು?”

“ಚೀಲ. ಮಂಗಳ್ವಾರ ಸಂಜೆ ನಾನೇ ಒಂದ್ ಚೀಲ ಬಿಚ್ಚಿ ಒಳೀಕ್ ಕೈ ಆಕಿದ್ದೆ. ಬಿಸಿ ಅನ್ನದ್ ತಪ್ಲೇಲಿ ಕೈ ಆಕ್ದಂಗ್ ಇತ್ತು. ಅಂಟ್‌ಅಂಟು ನೀರು. ಓಯ್ತು ಅಂತ ಆವತ್ತೇ ಗೊತ್ತಾಯ್ತು. ಮಂಗಳ್ವಾರ ಗಿಂಗಳ್ವಾರ ಅಂತ ಕೂತು ಬೀಜ ಹಾಳ್ಮಾಡ್ದ ಅಂತ ಊರೋರ್ ನಗ್ತಾರಲ್ಲ ಅಂತ ಬಾಯ್ ಕಟ್ಟಿಟ್ಟೆ. ಅಂಗೇ ಬಿತ್ತಿಸ್ದೆ. ಆಮೇಲ್ ಇವಳ್ ಮೇಲ್ ಆಕ್ದೆ. ಮುಂಡೆ ಕೈ ಗಿಂಡೆ ಕೈ ಅಂತ ನಾನ್ ಯಾವತ್ತೂ ನಂಬಿದ್ದೋನಲ್ಲ. ನೀವ್ ನಂಬ್ತೀರಿ ಅಂತ ಗೊತ್ತಿತ್ತು, ಅದುಕ್ಕೇ ಅಂದೆ.”

ಇದನ್ನು ಯಾರೂ ಅವನಿಂದ ಕೇಳಿರಲಿಲ್ಲ. ಎರಡು ಮೂಟೆಯ ಕರಾರಿನಲ್ಲೂ ಇದು ಇರಲಿಲ್ಲ. ಒಂಬತ್ತು ದಿನ ಬಾಯಲ್ಲಿ ಹೇಳಿದ್ದು ಹತ್ತನೇ ದಿನ ಒಳಗೆ ಇಳಿದಿತ್ತು. ಸುಂದರಮ್ಮನ ಬಾಯಿ ತೆರೆದೇ ಇತ್ತು.

ನಾನು ದೊಡ್ಡಮ್ಮನನ್ನು ನೋಡಿದೆ. ಗೆದ್ದ ಮುಖವಲ್ಲ ಅದು. ಕೆಂಡವಾಗಿತ್ತು. ಇಷ್ಟು ವರ್ಷ ಅವಳು ಅವನನ್ನು ದಡ್ಡ ಅಂದುಕೊಂಡಿದ್ದಳು, ಕಟ್ಟಳೆ ನಂಬಿ ಕೆಟ್ಟವನು ಅಂದುಕೊಂಡಿದ್ದಳು. ಅವನು ಎಲ್ಲ ತಿಳಿದೇ ಮಾಡಿದ್ದ. ತಾನೇ ನಂಬದ ಕಟ್ಟಳೆಯ ಮರೆಯಲ್ಲಿ ಬಚ್ಚಿಟ್ಟುಕೊಂಡು ಅವಳ ಹನ್ನೊಂದು ವರ್ಷ ತಿಂದಿದ್ದ.

ಅವಳು ಬೇಲಿ ಬಿಟ್ಟು ನೇರವಾಗಿ ಅವನ ಮುಂದೆ ಬಂದು ನಿಂತಳು. ಹೊಡೆದೇಬಿಡುತ್ತಾಳೆ ಅಂದುಕೊಂಡೆ, ಹೊಡೆಯಲಿ ಅಂತ ಆಸೆಯೂ ಆಯಿತು. ಅವಳು ಅವನ ಬಲಗೈಯ ಮಣಿಕಟ್ಟು ಹಿಡಿದಳು, ತಲೆಗಿಂತ ಮೇಲಕ್ಕೆ ಎತ್ತಿದಳು, ಇಡೀ ಕ್ಯೂನ ಕಡೆ ತಿರುಗಿಸಿದಳು.

“ನೋಡ್ಕಳಿ. ಚೀಲದೊಳೀಕ್ ಓಗಿದ್ದು ಈ ಕೈ, ಬಾಯ್ ಕಟ್ಟಿದ್ದು ಈ ಕೈ. ಕೆಟ್ ಕೈ ಕೆಟ್ ಕೈ ಅಂತ ಹನ್ನೊಂದು ವರ್ಷ ಅಂದ್ರಲ್ಲ, ಇದೇ ಕಣ್ರಪ್ಪ.”

ಅವನು ಕೈ ಬಿಡಿಸಿಕೊಳ್ಳಲಿಲ್ಲ.